ವಾಕಿಂಗಿಗೆ ಮಚ್ಚು ಯಾಕೆ?

ಮೊನ್ನೆ ಶಾಲೆಯಲ್ಲಿ ಪ್ರಾರ್ಥನೆ ಮುಗಿಸಿ ಸ್ಟಾಫ್ ರೂಮಿಗೆ ಬಂದೆವು. ಹೊಸದಾಗಿ ಬಂದಿರುವ ಟೀಚರ್ ಶ್ವೇತಾ ತನ್ನ ಬ್ಯಾಗಿನಿಂದ ಸ್ಟೀಲ್ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದಳು. ರಾತ್ರಿಯಿಡೀ ನೆನೆದ ಮೆಂತ್ಯದ ಕಹಿ ವಾಸನೆ ಮೂಗಿಗೆ ಬಡಿಯಿತು. ಹಾಜರಿ ಪುಸ್ತಕವನ್ನು ಟೇಬಲ್ಲಿನ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕೂತೆ.

"ಮೇಡಂ, ನಾನೀಗ ಮಾರ್ನಿಂಗ್ ರೊಟೀನ್ ಶುರು ಮಾಡಿದೀನಿ. ಐದಕ್ಕೆ ಏಳೋದು, ಮೆಂತ್ಯದ ನೀರು, ವಾಕಿಂಗು, ಧ್ಯಾನ. ಎಲ್ಲಾ ಒಂದು ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಿದೀನಿ. ನಿಮ್ಮ ಯಜಮಾನ್ರಿಗೂ ಒಂದು ಬರ್ಕೊಡಿ, ಪಾಪ, ಅವರಿಗೆ ಶುಗರ್ ಇದೆ ಅಂತಿದ್ರಲ್ಲ" ಅಂದಳು.

ಒಳ್ಳೆಯ ಹುಡುಗಿ. ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಅಂದದ್ದಲ್ಲ. "ಬರೆದಿದ್ದೆ ಕಣಮ್ಮ, ಒಂದು ಸಲ" ಅಂದೆ. ಆಮೇಲೆ ಏನಾಯಿತು ಅಂತ ಅವಳು ಕೇಳಿದಳು. ನಾನು ಹೇಳಲಿಲ್ಲ, ಹೇಳುವ ಧೈರ್ಯ ಬರಲಿಲ್ಲ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ ಇದು, ತನ್ನ ತಪ್ಪು ಹೇಳಬೇಕಾದಾಗ ಮಾತ್ರ ಕಟ್ಟಿಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ದಂಡಿನಶಿವರದಿಂದ ಆಚೆ, ತೋಟದ ಮನೆ. ಹಿಂದಿನ ಬಾಗಿಲು ತೆಗೆದರೆ ತೆಂಗಿನ ಸಾಲು, ಸಾಲಿನ ತುದಿಗೆ ಮೋಟರ್ ಮನೆ. ಮನೆಯಲ್ಲಿ ನಾನು, ನಮ್ಮ ಯಜಮಾನರು ಮಲ್ಲಿಕಾರ್ಜುನಯ್ಯ, ನಮ್ಮತ್ತೆ ಗಂಗಮ್ಮ. ಊರವರ ಬಾಯಲ್ಲಿ ಇವರು ಮಲ್ಲಣ್ಣ. ನಾನು ದಬ್ಬೇಘಟ್ಟದ ಕಡೆ ಒಂದು ಶಾಲೆಗೆ ದಿನಾ ಎಂಟೂಮುಕ್ಕಾಲರ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು. ಇವರದು ಬಾಯೇ ಇಲ್ಲ. ಹೀಗೆ ಮೂವತ್ತು ವರ್ಷ ಸಂಸಾರ ನಡೆದಿದೆ.

ಮೂರು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ, ಇವರನ್ನು ತಿಪಟೂರಿಗೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಎಳೆದುಕೊಂಡು ಅಂದರೆ ಎಳೆದುಕೊಂಡೇ. ರಕ್ತದ ರಿಪೋರ್ಟು ನೋಡಿ ಡಾಕ್ಟರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

"ನಿಮ್ಮ ತಂದೆಯವರ ಕಾಲಿನ ವಿಷಯ ನೆನಪಿದೆಯಾ?" ಅಂತ ಇವರನ್ನು ಕೇಳಿದರು. ನಮ್ಮ ಮಾವನನ್ನು ನೋಡಿದ್ದೂ ಅವರೇ.

ನೆನಪಿಲ್ಲದೆ ಏನು? ನಮ್ಮ ಮಾವನಿಗೂ ಇದೇ ಸಕ್ಕರೆ ಕಾಯಿಲೆ. ಕಿರುಬೆರಳಿನಲ್ಲಿ ಶುರುವಾದ ಹುಣ್ಣು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ ಕಾಲನ್ನೇ ತೆಗೆದರು. ಮುಂದಿನ ವರ್ಷ ಅವರೇ ಇರಲಿಲ್ಲ. ಆ ವರ್ಷವಿಡೀ ಅವರ ಗಾಯ ತೊಳೆದು ಬಟ್ಟೆ ಕಟ್ಟಿದವಳು ನಾನು. ಅವರ ಊರುಗೋಲು ಇವತ್ತಿಗೂ ಅಡುಗೆಮನೆಯ ಬಾಗಿಲ ಹಿಂದಿದೆ. ಎಸೆಯಲು ಅತ್ತೆ ಬಿಟ್ಟಿಲ್ಲ.

"ಶಿವರಾತ್ರಿವರೆಗೆ ಟೈಮ್ ಕೊಡ್ತೀನಿ" ಅಂದರು ಡಾಕ್ಟರು. "ದಿನಾ ಬೆಳಗ್ಗೆ ನಲವತ್ತು ನಿಮಿಷ ಒಂದೇ ಸಮ ನಡೀಬೇಕು. ನಡುವೆ ನಿಲ್ಲೋ ಹಾಗಿಲ್ಲ. ಸಕ್ಕರೆ, ಬೆಲ್ಲ ಮುಟ್ಟಬೇಡಿ. ಇದು ಹೊಸ ಮಾತ್ರೆ, ಬೆಳಗ್ಗೆ ಖಾಲಿ ಹೊಟ್ಟೇಲಿ ತಗೋಬೇಕು." ನಾನು ಡೈರಿಯಲ್ಲಿ ಖಾಲಿ ಹೊಟ್ಟೆ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ. ಅವರು ಇನ್ನೂ ಏನೋ ಹೇಳುತ್ತಿದ್ದರು, ನಾನು ಗೆರೆ ಎಳೆಯುವುದರಲ್ಲಿದ್ದೆ. ಮಕ್ಕಳು ಹೀಗೆ ಮಾಡಿದರೆ ಕಿವಿ ಹಿಂಡುತ್ತೇನೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ನಾನು ಅವರ ಚಪ್ಪಲಿ ಹಾಕಿದ ಪಾದವನ್ನೇ ನೋಡುತ್ತಿದ್ದೆ. ಆ ಪಾದ ಉಳಿಸಿಕೊಳ್ಳಬೇಕು, ಬೇರೆ ಏನೂ ಬೇಡ ಅನ್ನಿಸಿತ್ತು.

ಅವತ್ತೇ ಸಂಜೆ ಶಾಲೆಗೆಂದು ತಂದಿದ್ದ ಡ್ರಾಯಿಂಗ್ ಶೀಟ್ ಹಾಸಿಕೊಂಡು ಕೂತೆ. ಕೆಂಪು, ನೀಲಿ ಸ್ಕೆಚ್ ಪೆನ್ನಿನಲ್ಲಿ ಟೈಮ್‌ಟೇಬಲ್ ಬರೆದೆ. ಐದಕ್ಕೆ ಏಳುವುದು, ಮೆಂತ್ಯದ ನೀರು, ಐದೂಕಾಲಿಗೆ ಮಾತ್ರೆ, ಆಮೇಲೆ ವಾಕಿಂಗು, ಆರೂಕಾಲಿಂದ ಪ್ರಾಣಾಯಾಮ, ಅದಾದ ಮೇಲೆ ಸ್ನಾನ, ಪೂಜೆ, ಎಂಟಕ್ಕೆ ತಿಂಡಿ. ಮೊಬೈಲಿನಲ್ಲಿ ಒಬ್ಬ ಯೋಗದ ಅಮ್ಮ ಹೇಳಿಕೊಡುತ್ತಿದ್ದಳು, ಬೆಳಗಿನ ಎರಡು ಗಂಟೆ ಹತೋಟಿಗೆ ಬಂದರೆ ಬದುಕೇ ಹತೋಟಿಗೆ ಬರುತ್ತದೆ ಅಂತ. ಅವಳ ಮಾತನ್ನೂ ಹಸಿರು ಬಣ್ಣದಲ್ಲಿ ಮೇಲೆ ಬರೆದು, ಅಡುಗೆಮನೆಯ ಗೋಡೆಗೆ ಅಂಟಿಸಿದೆ.

ಬರೆಯುವಾಗ ನನಗೆ ಒಂದು ವಿಷಯ ವಿಚಿತ್ರ ಅನ್ನಿಸಲೇ ಇಲ್ಲ. ನಮ್ಮ ಮನೆಯಲ್ಲಿ ಸ್ನಾನ ಮಾಡಿ, ಕೊರಳಿನ ಲಿಂಗ ಕೈಗೆ ತಗೊಂಡು ಪೂಜೆ ಮಾಡದೆ ಗಂಡಸರು ಏನೂ ತಿನ್ನುವುದಿಲ್ಲ. ಮಾವ ತಿನ್ನುತ್ತಿರಲಿಲ್ಲ, ಇವರೂ ತಿನ್ನುವುದಿಲ್ಲ. ಕಾಫಿ ಮಾತ್ರ ನೀರಿನ ಬಾಬ್ತು ಅಂತ ಅತ್ತೆ ಬಿಟ್ಟಿದ್ದರು, ಅದನ್ನು ನಾನು ಸಕ್ಕರೆ ಅಂತ ನಿಲ್ಲಿಸಿದೆ. ಮದುವೆಯಾದಾಗಿನಿಂದ ನೋಡಿದ ಪದ್ಧತಿ, ಟೈಮ್‌ಟೇಬಲ್ಲಿನಲ್ಲಿ ತಿಂಡಿ ತಾನಾಗಿಯೇ ಪೂಜೆಯ ಕೆಳಗೆ ಹೋಗಿ ಕೂತಿತು.

ಮೊದಲನೆಯ ದಿನ ಇವರು ಹೊಸ ಶೂ ಹಾಕಿಕೊಂಡು ಹೊರಟರು. ದಾರಿಯಲ್ಲಿ ಪಕ್ಕದ ತೋಟದ ನಂಜಪ್ಪ, "ಏನ್ ಮಲ್ಲಣ್ಣ, ಪೊಲೀಸ್ ಸೆಲೆಕ್ಷನ್ನಾ?" ಅಂದನಂತೆ. ನಲವತ್ತು ನಿಮಿಷಕ್ಕೆ ಬರಬೇಕಾದವರು ಒಂದೂಕಾಲು ಗಂಟೆ ಬಿಟ್ಟು ಬಂದರು. ಎಡಗಂಕುಳಲ್ಲಿ ಎರಡು ತೆಂಗಿನಕಾಯಿ, ಬಲಗೈಯಲ್ಲಿ ಮಚ್ಚು, ಹಿಂದೆ ಎಳೆದುಕೊಂಡು ಬಂದ ಒಣಗರಿ.

"ವಾಕಿಂಗ್ ಮಾಡಿದ್ರೋ, ಕೂಲಿ ಮಾಡಿದ್ರೋ?" ಅಂದೆ.

"ಬಿದ್ದ ಕಾಯಿ ಬುಟ್ಟು ಹೆಂಗ್ ಬರ್ಲಿ ಕಣೇ? ಕಾಲಿಗೆ ಅಡ್ಡ ಬತ್ತದೆ" ಅಂದರು.

ಇದು ನಮ್ಮ ಸೀಮೆಯವರ ರೋಗ. ತೆಂಗಿನ ತೋಟದಲ್ಲಿ ಹುಟ್ಟಿದವರು ಯಾರೂ ಬಿದ್ದ ಕಾಯಿಯನ್ನು ದಾಟಿ ಹೋಗಲಾರರು. ನಾನೇ ಎಷ್ಟೋ ಸಲ ಬಸ್ಸಿಗೆ ಹೊತ್ತಾದರೂ ಬಗ್ಗಿ ಎತ್ತಿ, ಬದುವಿನ ಮೇಲಿಟ್ಟು ಓಡಿದ್ದೇನೆ. ಇವರಿಗಂತೂ ಎತ್ತಿದರೆ ಸಾಲದು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ಯಾವ ಮರದ್ದು ಅಂತ ಕತ್ತೆತ್ತಿ ನೋಡಬೇಕು, ಆ ಮರಕ್ಕೆ ಏನಾಗಿದೆ ಅಂತ ಸುತ್ತು ಹಾಕಬೇಕು. ಅಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬೀಳುತ್ತದೆ. ಡಾಕ್ಟರು ಹೇಳಿದ್ದು ಒಂದೇ ಸಮ ನಡೆಯಿರಿ ಅಂತ. ಇವರದು ನಾಲ್ಕು ಹೆಜ್ಜೆಗೊಂದು ನಿಲ್ದಾಣ.

ಎರಡನೆಯ ವಾರ ನಾನು ಮಚ್ಚನ್ನು ಕಸಿದುಕೊಂಡು ಜಗಲಿಯ ಮೊಳೆಗೆ ತೂಗುಹಾಕಿದೆ. "ವಾಕಿಂಗಿಗೆ ಮಚ್ಚು ಯಾಕೆ?"

"ಬರಿಗೈಲಿ ನಡೆಯೋಕೆ ಬರಲ್ಲ ಕಣೇ. ಯಾರೋ ನೆಂಟರ ಮನೆಗೆ ಹೋದಂಗಾಗ್ತದೆ."

"ಅಭ್ಯಾಸ ಮಾಡ್ಕೊಳಿ. ಕಾಯಿ ನಾನು ಸಂಜೆ ಬಂದು ಆಯ್ಕೋತೀನಿ. ನೀವು ಬಗ್ಗಕೂಡದು."

ಅತ್ತೆ ಒರಳುಕಲ್ಲಿನ ಹತ್ತಿರ ಕೂತು ಕೇಳುತ್ತಿದ್ದರು. "ಮೇಷ್ಟ್ರಮ್ಮನ ಕೈಗೆ ಸಿಕ್ಕಿಬಿದ್ದೆಯಲ್ಲೋ ಮಲ್ಲ" ಅಂತ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಕಣ್ಣಿಗೆ ಬಾಗಿಲ ಹಿಂದಿನ ಊರುಗೋಲು ಕಾಣುತ್ತಿತ್ತು.

ಡಿಸೆಂಬರ್ ಬರುವ ಹೊತ್ತಿಗೆ ಬೆಳಗಿನ ನಮ್ಮ ಮನೆ ಒಂದು ಶಾಲೆಯಾಗಿತ್ತು. ಐದಕ್ಕೆ ಅಲಾರಂ. ಅದಾದ ಐದು ನಿಮಿಷಕ್ಕೆ ನನ್ನ ಅಲಾರಂ. ಮೆಂತ್ಯದ ಲೋಟ ಇವರ ಕೈಗೆ ಕೊಟ್ಟು, ಕಡೆಯ ಗುಟುಕಿನವರೆಗೆ ಎದುರಿಗೇ ನಿಂತಿರುತ್ತಿದ್ದೆ. ಮಾತ್ರೆ ನುಂಗಿದ ಮೇಲೆ ಬಾಯಿ ತೆಗೆಸಿ ನೋಡುವುದೊಂದೇ ಬಾಕಿ. ಮಧ್ಯೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇಳಿದಿತ್ತು. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡೆ. ಟೈಮ್‌ಟೇಬಲ್ಲಿನ ಫೋಟೋ ತೆಗೆದು ನನ್ನ ತಂಗಿಗೆ ಕಳಿಸಿದೆ.

ಇವರು ಸೊರಗುತ್ತಿದ್ದರು. ಅದನ್ನೂ ಗೆಲುವು ಅಂತಲೇ ಲೆಕ್ಕ ಹಾಕಿದೆ. ಒಂದು ದಿನ ಬಚ್ಚಲ ಹತ್ತಿರ ನಿಂತು, "ಬೆಳಗ್ಗೆ ಹೊತ್ತು ಕೈ ನಡುಗ್ತದೆ ಕಣೇ. ಎದೆ ಡವಡವ ಅಂತದೆ" ಅಂದರು. "ಚಳಿ ಅಲ್ವಾ" ಅಂದೆ. ಇನ್ನೊಂದು ದಿನ ಅದೇ ಮಾತು ಬಂದಾಗ, "ಹಳೇ ಚಾಳಿ ಬಿಡೋವಾಗ ಮೈ ಹಟ ಮಾಡುತ್ತಂತೆ. ಮೊಬೈಲಲ್ಲಿ ಆ ಅಮ್ಮ ಹೇಳಿದ್ದಾಳೆ" ಅಂದೆ. ಆಮೇಲೆ ಇವರು ಹೇಳುವುದನ್ನೇ ಬಿಟ್ಟರು. ನಾನು ಸರಿಹೋಯಿತು ಅಂದುಕೊಂಡೆ.

ಸಂಕ್ರಾಂತಿ ಕಳೆದ ಭಾನುವಾರ ಬೆಳಗ್ಗೆ ತೋಟಕ್ಕೆ ಕರೆಂಟು ಕೊಟ್ಟಿದ್ದರು. ಇವರು ವಾಕಿಂಗಿನಲ್ಲಿದ್ದರು. ಮೋಟರ್ ಆನ್ ಮಾಡೋಣ ಅಂತ ನಾನೇ ಮೋಟರ್ ಮನೆಗೆ ಹೋದೆ. ಸ್ವಿಚ್ಚಿನ ಹಲಗೆಯ ಹಿಂದೆ, ಗೂಡಿನಲ್ಲಿ, ನಮ್ಮ ಮಗಳು ಪ್ರೈಮರಿಯಲ್ಲಿದ್ದಾಗ ಬುತ್ತಿ ಒಯ್ಯುತ್ತಿದ್ದ ಡಬ್ಬಿ ಇತ್ತು. ಮಗಳು ಮದುವೆಯಾಗಿ ಹುಳಿಯಾರು ಸೇರಿ ನಾಲ್ಕು ವರ್ಷ. ಇದಿಲ್ಲಿ ಯಾಕೆ ಬಂತು ಅಂತ ಮುಚ್ಚಳ ತೆಗೆದೆ. ಒಳಗೆ ಎರಡು ಅಚ್ಚು ಬೆಲ್ಲ, ಒಂದರ ಮೂಲೆ ಕಚ್ಚಿದ ಗುರುತು. ಪಕ್ಕದಲ್ಲಿ ನಾಲ್ಕು ಚೂರು ಕೊಬ್ಬರಿ.

ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಇವರೇ ಬಾಗಿಲಲ್ಲಿ ಬಂದು ನಿಂತರು. ಹಣೆಯ ಮೇಲೆ ಬೆವರು. ಡಬ್ಬಿಯ ಕಡೆ ಕೈ ಚಾಚಿದರು, ನನ್ನ ಮುಖ ನೋಡಿ ಕೈ ಹಿಂದಕ್ಕೆ ತಗೊಂಡರು.

"ಎಷ್ಟು ದಿನದಿಂದ?" ಅಂದೆ.

"ದಿನಾ ಅಲ್ಲ ಕಣೇ..."

"ನಿಮ್ಮಪ್ಪನ ಕಾಲು ನಾನು ತೊಳೆದಿದ್ದು ಸಾಲದಾ? ನಿಮ್ಮದೂ ತೊಳೀಬೇಕಾ?"

ಆ ಮಾತು ಆಡಬಾರದಿತ್ತು. ಆಡಿದೆ. ಬೆಲ್ಲವನ್ನೂ ಕೊಬ್ಬರಿಯನ್ನೂ ಬಾಗಿಲಿಂದಲೇ ಹೊರಗೆ ಬೀಸಿದೆ. ಬಾಳೆಗಿಡಗಳ ಬುಡಕ್ಕೆ ಹೋಗಿ ಬಿದ್ದವು. ಖಾಲಿ ಡಬ್ಬಿ ಹಿಡಿದುಕೊಂಡು ದುಡುದುಡು ಮನೆಗೆ ಬಂದು ಅತ್ತೆಯ ಎದುರಿಗೆ ಇಟ್ಟೆ. ಕಳ್ಳನನ್ನು ಹಿಡಿದು ತಂದವಳ ಹಾಗೆ ಎಲ್ಲಾ ಹೇಳಿದೆ.

ಅತ್ತೆಗೆ ಸಕ್ಕರೆ ಕಾಯಿಲೆಗಿಂತ ಬೇರೆಯದೇ ನೋವಾಯಿತು. "ಮೈಮೇಲೆ ಲಿಂಗ ಇರೋನು. ಸ್ನಾನ ಇಲ್ಲ, ಪೂಜೆ ಇಲ್ಲ, ಬೆಲ್ಲ ಕಚ್ಕಂಡು ತಿಂತೀಯೇನೋ ಮಲ್ಲ? ನಿಮ್ಮಪ್ಪ ಕಾಲು ಕುಯ್ಯೋ ದಿನಾನೂ ಪೂಜೆ ಮಾಡ್ದೆ ನೀರು ಬುಟ್ಟು ಬ್ಯಾರೆ ಮುಟ್ಟಲಿಲ್ಲ" ಅಂದರು.

ಇವರು ನೆಲ ನೋಡುತ್ತಾ ನಿಂತಿದ್ದರು. ಐವತ್ತಾರು ವರ್ಷದ ಗಂಡಸು, ಕಾಲಲ್ಲಿ ಬಿಳಿ ಶೂ. "ನಡುಕ ಬತ್ತದೆ ಅವ್ವ. ಒಂದು ಚೂರು ಬಾಯಿಗೆ ಹಾಕ್ಕಂಡ್ರೆ ನಿಲ್ತದೆ" ಅಂದರು.

"ಆಸೆಗೆ ಎಷ್ಟು ನೆಪ ನೋಡಿ ಅತ್ತೆ" ಅಂದವಳು ನಾನು.

ಮೂರು ದಿನ ಇವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರು. ಐದಕ್ಕೆ ಎದ್ದರು, ಮೆಂತ್ಯದ ನೀರು ಕುಡಿದರು, ಮಾತ್ರೆ ನುಂಗಿದರು, ಶೂ ಹಾಕಿಕೊಂಡು ಬರಿಗೈಯಲ್ಲಿ ಹೋದರು. ತೋಟಕ್ಕೆ ಐದು ಸುತ್ತು ಹಾಕಬೇಕಾದವರು ಸೋಮವಾರ, ಮಂಗಳವಾರ ಎರಡೆರಡು ಸುತ್ತಿಗೇ ಬಂದು ಜಗಲಿಯ ಮೇಲೆ ಸುಸ್ತಾಗಿ ಕೂತರು. ಮುನಿಸಿಗೆ ಹೀಗೆ ಮಾಡುತ್ತಿದ್ದಾರೆ ಅಂತ, "ನಾಳೆ ಐದೂ ಸುತ್ತು ಆಗಬೇಕು" ಅಂದೆ.

ಬುಧವಾರ ಮಂಜು ಕವಿದಿತ್ತು. ಹಿಂದಿನ ಬಾಗಿಲಲ್ಲಿ ನಿಂತರೆ ಮೂರನೆಯ ಮರ ಕಾಣುತ್ತಿರಲಿಲ್ಲ. ಆರೂಕಾಲಾಯಿತು, ಇವರು ಬರಲಿಲ್ಲ. ಆರೂವರೆಯಾಯಿತು. ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದವಳು ಒಲೆ ಆರಿಸಿದೆ. ಮತ್ತೆ ಕಾಯಿ ಆಯುತ್ತಾ ನಿಂತಿರಬೇಕು, ಇವತ್ತು ಬಿಡುವುದಿಲ್ಲ ಅಂದುಕೊಂಡು ಬರಿಗಾಲಲ್ಲೇ ತೋಟಕ್ಕೆ ಇಳಿದೆ. ಮೊಬೈಲು ಅಡುಗೆಮನೆಯಲ್ಲೇ ಉಳಿಯಿತು.

ಸ್ವಲ್ಪ ದೂರ ಹೋದ ಮೇಲೆ ದಾರಿಯ ನಟ್ಟನಡುವೆ ಒಂದು ಕಾಯಿ ಬಿದ್ದಿತ್ತು. ಯಾರೂ ಎತ್ತಿರಲಿಲ್ಲ. ಇನ್ನೂ ಹತ್ತು ಮಾರು ಹೋದೆ, ಇನ್ನೊಂದು. ಅದೂ ಬಿದ್ದಲ್ಲೇ ಇತ್ತು.

ನನಗೆ ಸಂತೋಷವಾಯಿತು. ಈ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಸತ್ಯ ಅದು. ಅಬ್ಬಾ, ಕೊನೆಗೂ ಬುದ್ಧಿ ಬಂತಲ್ಲ ಅಂದುಕೊಂಡೆ. ಭಾನುವಾರ ಅಷ್ಟು ಬೈಯಬಾರದಿತ್ತು, ಇವತ್ತು ಉಪ್ಪಿಟ್ಟಿಗೆ ಅವರೆಕಾಳು ಹಾಕೋಣ ಅಂದುಕೊಂಡೆ. ಹೆಜ್ಜೆ ನಿಧಾನ ಮಾಡಿದೆ. ಮೂರನೆಯ ಕಾಯಿಯನ್ನು ನಾನೇ ಬಗ್ಗಿ ಎತ್ತಿ ಕಂಕುಳಲ್ಲಿ ಇಟ್ಟುಕೊಂಡೆ.

ನಾಲ್ಕನೆಯದು ಅಂದುಕೊಂಡದ್ದು ಕಾಯಿಯಾಗಿರಲಿಲ್ಲ. ಬಿಳಿ ಶೂ.

ಇವರು ಮೋಟರ್ ಮನೆಗೆ ಇಪ್ಪತ್ತು ಹೆಜ್ಜೆ ಈಚೆ, ಒಂದು ಮರದ ಬುಡಕ್ಕೆ ಒರಗಿ ಕೂತಿದ್ದರು. ಆ ಚಳಿಯಲ್ಲಿ ಅಂಗಿ ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿತ್ತು. ಕಣ್ಣು ತೆರೆದಿದ್ದವು. ಓಡಿ ಹೋಗಿ ಭುಜ ಹಿಡಿದೆ. "ರೀ, ಏನಾಯ್ತು? ರೀ!"

ಇವರು ನನ್ನನ್ನು ನೋಡಿದರು. "ಬಸ್ಸು ಹೋಯ್ತಾ ಟೀಚರೇ?" ಅಂದರು.

ಮೂವತ್ತು ವರ್ಷದಲ್ಲಿ ನನ್ನನ್ನು ಹಾಗೆ ಕರೆದವರಲ್ಲ. ಯಾರೋ ದಾರಿಯಲ್ಲಿ ಸಿಕ್ಕವರನ್ನು ಕೇಳಿದ ಹಾಗಿತ್ತು. ಹೃದಯವೋ, ಲಕ್ವವೋ, ಏನೂ ಗೊತ್ತಾಗಲಿಲ್ಲ. "ನಂಜಪ್ಪಾ! ಅತ್ತೇ!" ಅಂತ ಕಿರುಚಿದೆ. ಮಂಜಿನಲ್ಲಿ ಯಾರೂ ಓಗೊಡಲಿಲ್ಲ. ಇವರ ತುಟಿ ಅಲ್ಲಾಡುತ್ತಿತ್ತು. ಕಿವಿ ಹತ್ತಿರ ತಂದೆ.

"ಬೆಲ್ಲ" ಅಂದರು.

ಒಂದು ಕ್ಷಣ, ದೇವರಾಣೆ, ನನಗೆ ಸಿಟ್ಟೇ ಬಂತು. ಈ ಸ್ಥಿತಿಯಲ್ಲೂ ಬೆಲ್ಲವಾ ಅಂತ. ಅದರ ಹಿಂದೆಯೇ ಭಾನುವಾರದ ಮಾತು ಕಿವಿಯಲ್ಲಿ ಬಂತು. ಒಂದು ಚೂರು ಬಾಯಿಗೆ ಹಾಕ್ಕಂಡ್ರೆ ನಿಲ್ತದೆ. ಸಕ್ಕರೆ ಏರುವುದು ಕಾಯಿಲೆ ಅಂತ ನನಗೆ ಗೊತ್ತಿತ್ತು. ಇಳಿದರೂ ಹೀಗಾಗುತ್ತದೆ ಅಂತ ನಿಜವಾಗಿಯೂ ಗೊತ್ತಿರಲಿಲ್ಲ. ಇವರ ಮೈಗೆ ಗೊತ್ತಿತ್ತು. ಅದನ್ನು ನನಗೆ ಎಷ್ಟು ಸಲ ಹೇಳಿದ್ದರು.

ಮನೆಗೆ ಓಡಿದರೆ ಹೋಗಿ ಬರಲು ಹತ್ತು ನಿಮಿಷ. ಬಿಟ್ಟು ಹೋಗಲು ಕಾಲು ಬರಲಿಲ್ಲ. ಕತ್ತೆತ್ತಿ ನೋಡಿದೆ. ಮುನ್ನೂರು ಮರದ ತೋಟ, ಮರದ ತುಂಬಾ ಎಳನೀರು. ಒಂದೂ ಕೈಗೆ ಎಟಕುವಂತಿಲ್ಲ. ಕಾಯಿ ಕೀಳುವ ದೋಟಿ ಮನೆಯಲ್ಲಿತ್ತು. ಕಂಕುಳಲ್ಲಿದ್ದ ಕಾಯಿಯನ್ನು ಮೋಟರ್ ಮನೆಯ ಮುಂದಿನ ನೀರಿನ ತೊಟ್ಟಿಯ ಅಂಚಿಗೆ ಎತ್ತಿ ಎತ್ತಿ ಬಡಿದೆ. ಸುಲಿಯದ ಕಾಯಿ, ನಾರು ಸಹ ಬಿರಿಯಲಿಲ್ಲ. ಉಗುರು ಹಾಕಿ ಕಿತ್ತೆ, ಉಗುರು ಮುರಿಯಿತು. ಒಂದು ಮಚ್ಚು ಇದ್ದಿದ್ದರೆ ಎರಡು ಏಟಿನ ಕೆಲಸ. ಮಚ್ಚು ಜಗಲಿಯ ಮೊಳೆಯ ಮೇಲಿತ್ತು, ನಾನೇ ತೂಗುಹಾಕಿದ್ದೆ.

ಆಗ ಬಾಳೆಗಿಡ ನೆನಪಾಯಿತು.

ಬುಡದಲ್ಲಿ ಮಂಡಿಯೂರಿ ಎರಡೂ ಕೈಯಲ್ಲಿ ತರಗು ಸರಿಸಿದೆ. ಕೊಬ್ಬರಿ ಚೂರು ಸಿಕ್ಕಿತು, ಬೆಲ್ಲ ಸಿಗಲಿಲ್ಲ. ಮೂರು ದಿನವಾಗಿತ್ತು. ಇರುವೆಯ ಸಾಲೊಂದು ಕಾಣಿಸಿತು. ಆ ಸಾಲು ಹಿಡಿದುಕೊಂಡು ಹೋದೆ. ಒಣಗಿದ ಬಾಳೆ ಎಲೆಯ ಕೆಳಗೆ, ಇರುವೆ ಮುತ್ತಿ ಕೆಂಪಗೆ ಅಲುಗಾಡುತ್ತಿದ್ದ ಒಂದು ಗಡ್ಡೆ. ಅರ್ಧ ಅಚ್ಚು ಉಳಿದಿತ್ತು. ಬಾಚಿಕೊಂಡೆ. ಕೈಯೆಲ್ಲ ಕಚ್ಚಿದವು. ತೊಟ್ಟಿಯ ನೀರಿನಲ್ಲಿ ಅದ್ದಿ ಉಜ್ಜಿದೆ, ಸೆರಗಿನಿಂದ ಒರೆಸಿದೆ, ಆದರೂ ಇರುವೆ ಪೂರ್ತಿ ಹೋಗಲಿಲ್ಲ. ಕಚ್ಚಿ ಪುಡಿ ಮಾಡಿ ಅಂಗೈಯಲ್ಲಿ ನೀರಿನ ಜೊತೆ ಕಲೆಸಿದೆ.

"ನುಂಗಿ. ನುಂಗ್ರೀ. ನಿಮ್ಮ ಕಾಲಿಗೆ ಬೀಳ್ತೀನಿ, ನುಂಗಿ" ಅಂತ ಸ್ವಲ್ಪ ಸ್ವಲ್ಪವೇ ಬಾಯಿಗೆ ಇಟ್ಟೆ. ಮೊದಲು ತುಟಿಯ ಅಂಚಿನಿಂದ ಸೋರಿತು. ಆಮೇಲೆ ಗಂಟಲು ಅಲ್ಲಾಡಿತು. ಇನ್ನೊಂದು ಚೂರು, ಇನ್ನೊಂದು. ಯಾವ ಸ್ನಾನ, ಯಾವ ಪೂಜೆ! ಕೊರಳಲ್ಲಿ ಲಿಂಗವಿಟ್ಟಿದ್ದ ಬೆಳ್ಳಿ ಕರಡಿಗೆ ಬೆವರಿಗೆ ತೊಯ್ದು ನನ್ನ ಕೈಗೇ ತಾಗುತ್ತಿತ್ತು. ಶಿವನೇ, ಕಾಲು ಬೇಕಾದರೆ ತಗೋ, ಇವರನ್ನು ಬಿಡು ಅಂದೆ. ಎರಡು ತಿಂಗಳು ಯಾವ ಕಾಲಿಗಾಗಿ ಇವರ ಪ್ರಾಣ ಹಿಂಡಿದೆನೋ ಆ ಕಾಲನ್ನೇ ಕೊಡಲು ಸಿದ್ಧಳಿದ್ದೆ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಇವರು ನನ್ನ ಅಂಗೈ ನೋಡಿದರು, ಆಮೇಲೆ ಮುಖ ನೋಡಿದರು. "ಗಿರಿಜಾ, ಇರುವೆ ಅವೆ ಕಣೇ ಇದ್ರಲ್ಲಿ" ಅಂದರು. ನನ್ನ ಹೆಸರು ಬಾಯಿಗೆ ಬಂದಿತ್ತು. ನಾನು ಅಲ್ಲೇ ಮಣ್ಣಿನಲ್ಲಿ ಕೂತು ಗೊಳೋ ಅಂತ ಅತ್ತುಬಿಟ್ಟೆ.

ನನ್ನ ಕೂಗು ಅತ್ತೆಗೆ ಕೇಳಿಸಿತ್ತಂತೆ. ಅವರು ನಂಜಪ್ಪನನ್ನು ಎಬ್ಬಿಸಿ ಕಳಿಸಿದ್ದರು. ಅವನ ಗೂಡ್ಸ್ ಆಟೋದಲ್ಲಿ ತುರುವೇಕೆರೆಗೆ ಒಯ್ದು ಡ್ರಿಪ್ ಹಾಕಿಸಿದೆವು. ಮಾರನೆಯ ದಿನ ತಿಪಟೂರಿನ ಡಾಕ್ಟರ ಎದುರಿಗೆ ಮತ್ತೆ ಕೂತೆವು.

"ಮಾತ್ರೆ ಎಷ್ಟು ಹೊತ್ತಿಗೆ ಕೊಡ್ತೀರಾ?" ಅಂದರು.

"ಐದೂಕಾಲಿಗೆ. ಖಾಲಿ ಹೊಟ್ಟೇಲಿ."

"ತಿಂಡಿ?"

"ಸ್ನಾನ, ಪೂಜೆ ಆದ್ಮೇಲೆ. ಎಂಟಕ್ಕೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಮ್ಮಾ, ಅರ್ಧ ಗಂಟೆ ಬಿಟ್ಟು ತಿಂಡಿ ಕೊಡಿ ಅಂತ ಹೇಳಿದ್ದೆನಲ್ಲ. ಆ ಮಾತ್ರೆ ನುಂಗಿ, ಏನೂ ತಿನ್ನದೆ ಎರಡೂಮುಕ್ಕಾಲು ಗಂಟೆ. ಅದರಲ್ಲಿ ವಾಕಿಂಗ್ ಬೇರೆ. ಇಷ್ಟು ದಿನ ಹೇಗೆ ತಡ್ಕೊಂಡ್ರು ಅಂತ ನನಗೆ ಆಶ್ಚರ್ಯ" ಅಂದರು.

ಹೇಗೆ ಅಂತ ನನಗೆ ಗೊತ್ತಿತ್ತು. ಮೋಟರ್ ಮನೆಯ ಆ ಡಬ್ಬಿಯಿಂದ. ಡಾಕ್ಟರು ಮಾತ್ರೆ ಬದಲಾಯಿಸಿ, ಮೊದಲು ತಿಂಡಿ, ಆಮೇಲೆ ನಡಿಗೆ ಅಂತ ತಾವೇ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು. ಜೇಬಿನಲ್ಲಿ ಯಾವಾಗಲೂ ಸಿಹಿ ಇರಲಿ, ನಡುಕ ಬಂದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಲಿ ಅಂದರು.

ಬಸ್ಸಿನಲ್ಲಿ ನಾನು, "ನನ್ನಿಂದಲೇ ಹಿಂಗಾಯ್ತು" ಅಂದೆ.

"ಬುಡು ಅತ್ಲಾಗೆ" ಅಂದರು. ಸ್ವಲ್ಪ ದೂರ ಹೋದ ಮೇಲೆ, "ನೀನು ಎಸೆದಿದ್ದೇ ಒಳ್ಳೇದಾಯ್ತು ಕಣೇ. ನಾನು ಬ್ಯಾರೆ ಕಡೆ ಬಚ್ಚಿಟ್ಟಿದ್ರೆ ನಿನಗೆ ಸಿಕ್ತಿತ್ತಾ?" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ.

ಮನೆಗೆ ಬಂದು ಡಾಕ್ಟರು ಹೇಳಿದ್ದನ್ನು ಅತ್ತೆಗೆ ಹೇಳಲು ನನಗೆ ಭಯವಿತ್ತು. ಪೂಜೆಗೆ ಮುಂಚೆ ತಿಂಡಿ ಅಂದರೆ ಏನನ್ನುತ್ತಾರೋ ಅಂತ. ಅವರು ಪೂರ್ತಿ ಕೇಳಿಸಿಕೊಂಡರು. ಎದ್ದು ಹೋಗಿ ಅಡುಗೆಮನೆಯ ಬಾಗಿಲ ಹಿಂದಿನ ಊರುಗೋಲನ್ನು ತಗೊಂಡು ಬಂದರು. "ಇದನ್ನ ಅಟ್ಟಕ್ಕೆ ಹಾಕು" ಅಂದರು. "ಅವನು ಉಂಡು ಪೂಜೆ ಮಾಡ್ಕಳ್ಳಿ. ಲಿಂಗಪ್ಪ ಅವನ ಎದೆ ಮ್ಯಾಲೇ ಇರ್ತಾನೆ. ಎಲ್ಲಿಗೂ ಎದ್ದು ಹೋಗಲ್ಲ ಕಣವ್ವ."

ಟೈಮ್‌ಟೇಬಲ್ಲನ್ನು ನಾನು ಅವತ್ತೇ ಕಿತ್ತೆ. ಅಂಟಿನ ಜೊತೆ ಸುಣ್ಣವೂ ಎದ್ದು ಬಂತು. ಗೋಡೆಯ ಮೇಲೆ ನಾಲ್ಕು ಮೂಲೆಯ ಗುರುತು ಈಗಲೂ ಇದೆ.

ಈಗ ಬೆಳಗ್ಗೆ ಆರಕ್ಕೆ ಏಳುತ್ತೇವೆ. ಇವರು ಎರಡು ರಾಗಿರೊಟ್ಟಿ ತಿಂದು, ಮಚ್ಚು ಹಿಡಿದುಕೊಂಡು ತೋಟಕ್ಕೆ ಹೋಗುತ್ತಾರೆ. ಜೇಬಿನಲ್ಲಿ ಚಿಕ್ಕ ಡಬ್ಬಿ, ಅದಕ್ಕೆ ಬೆಲ್ಲ ತುಂಬುವವಳು ನಾನೇ. ನಡೆಯುತ್ತಾರೆ, ನಿಲ್ಲುತ್ತಾರೆ, ಬಗ್ಗುತ್ತಾರೆ. ಸಂಜೆ ಮಾತ್ರ ನನ್ನ ಜೊತೆ ರಸ್ತೆಯಲ್ಲಿ ಒಂದೇ ಸಮ ನಲವತ್ತು ನಿಮಿಷ ನಡೆಯುತ್ತಾರೆ, ಅಲ್ಲಿ ತೆಂಗಿನ ಮರವಿಲ್ಲ. ಸಕ್ಕರೆ ಹತೋಟಿಯಲ್ಲಿದೆ. ಎರಡೂ ಪಾದ ಇವೆ.

ನನಗೆ ಮಾತ್ರ ಒಂದು ಹೊಸ ಚಾಳಿ ಅಂಟಿಕೊಂಡಿದೆ. ತೋಟದ ದಾರಿಯಲ್ಲಿ ಎತ್ತದೆ ಬಿಟ್ಟ ಕಾಯಿ ಕಂಡರೆ ನನ್ನ ಉಸಿರು ನಿಲ್ಲುತ್ತದೆ.

ಶ್ವೇತಾ ಮೆಂತ್ಯದ ಬಾಟಲಿ ತೆಗೆದ ಮಾರನೆಯ ದಿನ ಬಸ್ಸಿಗೆ ಹೊತ್ತಾಗಿತ್ತು. ಹತ್ತಿರದ ದಾರಿ ಅಂತ ತೋಟದೊಳಗಿಂದ ಹೊರಟೆ. ಅರ್ಧ ದಾರಿಯಲ್ಲಿ ಕಾಯಿ. ಒಂದೇ ಒಂದು, ದಾರಿಯ ನಟ್ಟನಡುವೆ. ಇವರು ಈ ಕಡೆ ಬಂದು ಅರ್ಧ ಗಂಟೆಯಾಗಿತ್ತು. ಬ್ಯಾಗು ಕೆಳಗೆ ಹಾಕಿದೆ. "ರೀ!" ಅಂತ ಕೂಗಿದೆ. ಉತ್ತರವಿಲ್ಲ. ಸೀರೆ ಎತ್ತಿ ಹಿಡಿದು ಓಡಿದೆ. "ರೀ! ಎಲ್ಲಿದೀರಿ?"

ಬದುವಿನ ಆಚೆಯಿಂದ ಇವರ ತಲೆ ಕಾಣಿಸಿತು. ಕಂಕುಳಲ್ಲಿ ಎರಡು ಕಾಯಿ, ಕೈಯಲ್ಲಿ ಮಚ್ಚು.

"ಯಾಕೇ ಹಂಗ್ ಕಿರುಚ್ತೀಯ? ಈಗ ತಾನೆ ಬಿತ್ತು ಕಣೇ ಅದು. ಸದ್ದು ಕೇಳಿಸ್ಕಂಡೇ ಬತ್ತಾ ಇದೀನಿ."

ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ನಾನು ವಾಪಸ್ಸು ಹೋಗಿ, ಬಗ್ಗಿ, ಕಾಯಿಯನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಇವರ ಕೈಗೆ ಕೊಟ್ಟೆ. ಬಸ್ಸು ಹೋಯಿತು.